ಹಿಂದಿನ ಸೀಟಿಗೆ ಕೇಳಿಸದ ಮಾತು

ಒಂದು ಕಾಲಕ್ಕೆ ನನ್ನ ಕಾರಿನಲ್ಲಿ ಕಾಲು ಚಾಚಲು ಜಾಗ ಇರುತ್ತಿರಲಿಲ್ಲ. ಬೆಳಿಗ್ಗೆ ಹೊಸಪೇಟೆಯಿಂದ ಸಂಡೂರಿಗೆ ಹೋಗಿ ಸಂಜೆ ಬರುವ ನಾವೆಲ್ಲ ಒಂದೇ ಗಣಿ ಕಂಪನಿಯ ನೌಕರರು. ಕಾರು ನನ್ನದು, ಪೆಟ್ರೋಲು ಎಲ್ಲರದು. ಮುಂದೆ ನನ್ನ ಪಕ್ಕ ಸ್ಟೋರಿನವರು, ಹಿಂದೆ ಇಬ್ಬರು ಮೇಡಂಗಳು, ಅವರ ನಡುವೆ ಎಲ್ಲರ ಊಟದ ಡಬ್ಬಿಗಳ ಚೀಲ. ಅದಿರಿನ ಪುಡಿಯನ್ನು ಕರಗಿಸಿ ಅದರಲ್ಲಿ ಕಬ್ಬಿಣ ಎಷ್ಟಿದೆ ಎಂದು ನೋಡುವುದು ಲ್ಯಾಬಿನಲ್ಲಿ ನನ್ನ ಕೆಲಸ. ದಿನವಿಡೀ ಗಾಜಿನ ಪಾತ್ರೆಗಳ ಮುಖ ನೋಡುವವನಿಗೆ ಮನುಷ್ಯರ ಮಾತು ಸಿಗುತ್ತಿದ್ದುದು ಆ ಕಾರಿನಲ್ಲೇ.

ಮನೆಯಲ್ಲಿ ಮಾತಿಲ್ಲ. ಹೆಂಡತಿ ತೀರಿಕೊಂಡು ಬಹಳ ವರ್ಷಗಳಾದವು, ಮಕ್ಕಳಿಲ್ಲ. ಸಂಜೆ ಹೋಗಿ ಟಿವಿ ಹಾಕುತ್ತೇನೆ. ಅದು ತನ್ನ ಪಾಡಿಗೆ ಕೂಗಿಕೊಳ್ಳುತ್ತಿರುತ್ತದೆ, ನಾನು ನನ್ನ ಪಾಡಿಗೆ ಅನ್ನಕ್ಕೆ ಇಡುತ್ತೇನೆ. ಭಾನುವಾರ ಸಂಜೆಯ ಹೊತ್ತಿಗೆ, ಬೆಳಗಿನಿಂದ ಒಂದೇ ಒಂದು ಮಾತನ್ನೂ ಆಡಿಲ್ಲವೆಂದು ನೆನಪಾಗಿ, ಬೇಕೆಂದೇ ಅಂಗಡಿಗೆ ಹೋಗಿ ಬೆಂಕಿಪೆಟ್ಟಿಗೆ ಕೇಳುತ್ತಿದ್ದೆ. ಮನೆಯಲ್ಲಿ ಬೆಂಕಿಪೆಟ್ಟಿಗೆಗಳು ರಾಶಿ ಬಿದ್ದಿದ್ದವು.

ಕಾರು ಹಳೆಯದಾದ ಹಾಗೆ ಜನ ಇಳಿಯುತ್ತ ಬಂದರು. ಸ್ಟೋರಿನವರು ನಿವೃತ್ತರಾದರು. ಒಬ್ಬ ಮೇಡಂಗೆ ಬಳ್ಳಾರಿ ಆಫೀಸಿಗೆ ವರ್ಗವಾಯಿತು. ಉಳಿದವರು ಡಿಸ್ಪ್ಯಾಚ್ ವಿಭಾಗದ ಮೇಡಂ ಒಬ್ಬರೇ. ಅವರ ಯಜಮಾನರೂ ತೀರಿಹೋಗಿದ್ದರು. ಹೊಸಪೇಟೆಯಲ್ಲಿ ಒಂದು ಮನೆಯ ಮಹಡಿಯ ಮೇಲೆ ಬಾಡಿಗೆಗಿದ್ದರು. ಕೆಳಗೆ ಮನೆಯ ಒಡತಿ. ಕಾರು ಖಾಲಿಯಾದ ಮೇಲೂ ಮೇಡಂ ಮೊದಲಿನ ಹಾಗೆ ಹಿಂದಿನ ಸೀಟಿನಲ್ಲೇ, ಎಡಗಡೆಯ ಕಿಟಕಿಯ ಪಕ್ಕ ಕೂರುತ್ತಿದ್ದರು. ನಮ್ಮ ಕಡೆ ಇದನ್ನು ಯಾರೂ ಯಾರಿಗೂ ವಿವರಿಸಬೇಕಾಗಿಲ್ಲ. ಗಂಡನಿಲ್ಲದ ಹೆಂಗಸು, ಹೆಂಡತಿಯಿಲ್ಲದ ಗಂಡಸು, ಒಂದೇ ಕಾರು. ಹಿಂದೆ ಕೂತರೆ ಅದು ಬಾಡಿಗೆ ಗಾಡಿ ಇದ್ದ ಹಾಗೆ. ಮುಂದೆ ಕೂತರೆ ಊರು ಅದಕ್ಕೆ ಬೇರೆ ಹೆಸರು ಇಡುತ್ತದೆ.

ಕಂಪನಿ ಗೇಟಿನ ಕಾವಲುಗಾರ ನನ್ನನ್ನು ನೋಡಿದಾಗಲೆಲ್ಲ ಹಲ್ಲು ಕಿರಿಯುತ್ತಿದ್ದ. "ಏನ್ ಸರ್, ಮೇಡಂ ಅವರ ಡ್ರೈವರ್ ಆಗೀರೇನು?" ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಆದರೆ ಆ ಮಾತಿಗೆ ಮಾತ್ರ ಸಿಟ್ಟು ಬರುತ್ತಿರಲಿಲ್ಲ.

ಕನ್ನಡಿಯಲ್ಲಿ ನನಗೆ ಅವರ ಹಣೆ, ಕನ್ನಡಕದ ಮೇಲಂಚು ಇಷ್ಟೇ ಕಾಣುತ್ತಿತ್ತು. ದಾರಿಯಲ್ಲಿ ನಾಲ್ಕು ಮಾತು ಆಡುತ್ತಿದ್ದೆವು. ಬಿಸಿಲು ಜೋರು. ಡ್ಯಾಮಿಗೆ ನೀರು ಬಂತಂತೆ. ಇವತ್ತು ಲಾರಿ ಕಡಿಮೆ. ಅವರ ದನಿ ಬಹಳ ಮೆಲು, ಕಿವಿಗೊಟ್ಟು ಕೇಳಬೇಕು. ಆ ನಾಲ್ಕು ಮಾತಿಗಾಗಿಯೇ ನಾನು ಬೆಳಿಗ್ಗೆ ಎದ್ದು ಅಂಗಿಗೆ ಇಸ್ತ್ರಿ ಹಾಕಿಕೊಳ್ಳುತ್ತಿದ್ದೆ ಎಂದರೆ ಸುಳ್ಳಲ್ಲ. ಇಷ್ಟರಲ್ಲಿ ಕಂಪನಿಯವರು ಹೊಸಪೇಟೆಗೆ ಒಂದು ಬಸ್ಸು ಬಿಟ್ಟರು. ಅದು ಅವರ ಮನೆಯ ಹತ್ತಿರವೇ ಹಾದು ಹೋಗುತ್ತಿತ್ತು. ಅವರು ಅದನ್ನು ಹತ್ತಲಿಲ್ಲ. ಯಾಕೆಂದು ನಾನು ಕೇಳಲಿಲ್ಲ. ಕೇಳಿದರೆ ಎಲ್ಲಿ ನೆನಪಾಗಿ ಹತ್ತಿಬಿಡುತ್ತಾರೋ ಎಂದು ಹೆದರಿಕೆ.

ಹೀಗಿರುವಾಗ ಕಾರು ಕೈಕೊಟ್ಟಿತು. ಸಂಡೂರಿನ ಘಟ್ಟ ದೊಡ್ಡದೇನಲ್ಲ, ಅದಿರು ತುಂಬಿದ ಲಾರಿಗಳೇ ಏರಿ ಇಳಿಯುತ್ತವೆ. ಅಂಥ ಏರಿನಲ್ಲಿ ನನ್ನ ಕಾರು ಮೂಗು ಕಟ್ಟಿದವನು ಏಣಿ ಹತ್ತಿದ ಹಾಗೆ ಏದುಸಿರು ಬಿಟ್ಟು ನಿಂತುಬಿಟ್ಟಿತು. ಹಿಂದೆ ಲಾರಿಗಳ ಹಾರ್ನು. ಕಾಲ ಬುಡದಲ್ಲಿ ಕಾವು, ಕೊಳೆತ ಮೊಟ್ಟೆಯ ವಾಸನೆ. ಮೇಡಂ ಇಳಿದು ರಸ್ತೆಯ ಪಕ್ಕ ಕೆಂಪು ಧೂಳಿನಲ್ಲಿ ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತರು. ಅದೇ ಹೊತ್ತಿಗೆ ಕಂಪನಿ ಬಸ್ಸು ನಮ್ಮನ್ನು ದಾಟಿ ಹೋಯಿತು. ಅದರ ಕಿಟಕಿಯಿಂದ ಯಾರೋ ಕೈ ಬೀಸಿದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನಾಳೆಯಿಂದ ಇವರು ಬಸ್ಸಿಗೆ, ನಾನು ಒಬ್ಬನೇ ಈ ಡಬ್ಬದಲ್ಲಿ. ಅಂದು ನನ್ನ ಯೋಚನೆ ಅದೊಂದೇ ಆಗಿತ್ತು.

ಕಾರನ್ನು ಎಳೆಸಿಕೊಂಡು ಹೊಸಪೇಟೆಯ ಡ್ಯಾಮ್ ರಸ್ತೆಯ ಗ್ಯಾರೇಜಿಗೆ ತಂದೆ. ಮೆಕ್ಯಾನಿಕ್ಕು ಅದರ ಕೆಳಗೆ ತೂರಿ, ಏನನ್ನೋ ಸ್ಪಾನರಿನಿಂದ ಕುಟ್ಟಿ, ಹೊರಗೆ ಬಂದ.

"ಉಸಿರು ಕಟ್ಟೈತ್ರಿ ಸರ್ ಇದಕ್ಕ. ಕನ್ವರ್ಟರ್ ಜಾಮ್ ಆಗೈತಿ."

ಎಂಜಿನ್ನಿಗೂ ಸೈಲೆನ್ಸರಿಗೂ ನಡುವೆ ಪೈಪಿನಲ್ಲಿ ಒಂದು ಉಕ್ಕಿನ ಡಬ್ಬಿ. ಅದೇ ಕ್ಯಾಟಲಿಟಿಕ್ ಕನ್ವರ್ಟರು. ಅದರೊಳಗೆ ಜೇನುಗೂಡಿನಂಥ ಸಣ್ಣ ಸಣ್ಣ ತೂತುಗಳ ಇಟ್ಟಿಗೆ. ಹೊಗೆ ಅದರ ಮೂಲಕ ಹಾದು ವಿಷ ಕಳೆದುಕೊಂಡು ಹೊರಗೆ ಹೋಗಬೇಕು. ನನ್ನ ಕಾರಿನ ಎಂಜಿನ್ನು ಮುದಿಯಾಗಿ ಆಯಿಲ್ ಸುಡುತ್ತಿತ್ತು, ಆ ಮಸಿಯೆಲ್ಲ ಹೋಗಿ ತೂತುಗಳನ್ನು ಮುಚ್ಚಿತ್ತು.

"ಹೊಸಾದು ತರಿಸಬೇಕಂದ್ರ ನಾಕಾರು ದಿನಾ ಹಿಡೀತೈತಿ, ರೇಟೂ ಭಾಳ. ಡಬ್ಬಿ ಕೊಯ್ದು ತಗದು, ನೆಟ್ಟಗ ಒಂದು ಪೈಪ್ ವೆಲ್ಡಿಂಗ್ ಮಾಡಿಬಿಡ್ತೀನಿ. ಸಂಜಿಗೆ ಗಾಡಿ ಒಯ್ರಿ."

"ಅದು ರೂಲ್ಸಿಗೆ ವಿರುದ್ಧ ಅಲ್ಲೇನೋ?"

"ಹೌದ್ರಿ. ಎಲ್ಲಾರೂ ಮಾಡಿಸ್ತಾರ್ರಿ."

"ಸೌಂಡ್ ಬರ್ತೈತೇನು?"

"ಸ್ವಲ್ಪ ಬರ್ತೈತಿ."

ಹೊಸದು ಬರುವವರೆಗೆ ಕಾಯುವ ಧೈರ್ಯ ನನಗಿರಲಿಲ್ಲ. ಅಷ್ಟು ದಿನ ಮೇಡಂ ಬಸ್ಸಿನಲ್ಲಿ ಹೋದರೆ ಬಸ್ಸೇ ರೂಢಿಯಾಗಿಬಿಡುತ್ತದೆ. ಕೊಯ್ಯಿ ಎಂದೆ. ಸಂಜೆ ಕಾರು ಚಾಲೂ ಮಾಡಿದಾಗ ಪಕ್ಕದ ಜೀಪಿನ ಕೆಳಗೆ ಮಲಗಿದ್ದ ನಾಯಿ ಎದ್ದು ಓಡಿಹೋಯಿತು. ಅವನ "ಸ್ವಲ್ಪ" ಅಂದರೆ ಏನೆಂದು ಆಗ ತಿಳಿಯಿತು. ಅವನು ನಗುತ್ತ ಆ ಜೇನುಗೂಡಿನ ಒಂದು ಚೂರನ್ನು ನನ್ನ ಕೈಗಿಟ್ಟ.

ಮರುದಿನ ಬೆಳಿಗ್ಗೆ ನಾನು ಮೇಡಂ ಅವರ ಬೀದಿಗೆ ತಿರುಗುವಷ್ಟರಲ್ಲೇ ಮನೆಯ ಒಡತಿ ಬಾಗಿಲಿಗೆ ಬಂದು ಕಿವಿ ಮುಚ್ಚಿಕೊಂಡು ನಿಂತಿದ್ದರು. ಮೇಡಂ ಎಂದಿನಂತೆ ಹಿಂದೆ ಕೂತರು. ಊರು ದಾಟಿದ ಮೇಲೆ ಕನ್ನಡಿಯಲ್ಲಿ ಅವರ ಹಣೆ ಅಲ್ಲಾಡಿತು, ಏನೋ ಹೇಳುತ್ತಿದ್ದಾರೆ. "ಏನ್ರಿ?" ಎಂದೆ. ಮತ್ತೆ ಹೇಳಿದರು. ಈ ಗದ್ದಲದಲ್ಲಿ ಒಂದು ಅಕ್ಷರವೂ ತಿಳಿಯಲಿಲ್ಲ. ಕತ್ತು ತಿರುಗಿಸಿ ಮತ್ತೆ ಕೇಳಿದೆ. ಮುಂದಿನ ಲಾರಿ ಬ್ರೇಕ್ ಹಾಕಿದ್ದು ತಡವಾಗಿ ಕಂಡಿತು. ಹೇಗೋ ನಿಲ್ಲಿಸಿದೆ.

"ಸೈಡಿಗೆ ಹಾಕ್ರಿ ಗಾಡಿ," ಎಂದು ಅವರು ಗಂಟಲೆತ್ತಿ ಹೇಳಿದ್ದು ಮಾತ್ರ ಕೇಳಿಸಿತು.

ಮುಗಿಯಿತು, ಇಳಿದು ಬಸ್ಸಿಗೆ ಕಾಯುತ್ತಾರೆ ಅಂದುಕೊಂಡೆ. ಅವರು ಇಳಿದರು. ಬಾಗಿಲು ಹಾಕಿದರು. ಮುಂದಿನ ಬಾಗಿಲು ತೆಗೆದು ನನ್ನ ಪಕ್ಕ ಕೂತು, ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡರು.

"ಹಿಂದ ಕುಂತು ನಾನು ಒದರೂದು, ನೀವು ಹೊಳ್ಳಿ ನೋಡೂದು. ಹಿಂಗಾದ್ರ ಇಬ್ರೂ ಲಾರಿ ಕೆಳಗ ಹೋಗ್ತೀವಿ."

"ಏನು ಹೇಳ್ತಿದ್ರಿ ಮೊದಲು?"

"ಸೈಲೆನ್ಸರ್ ಎಲ್ಲೋ ಬಿದ್ದು ಹೋಗೈತಿ ನೋಡ್ರಿ ಅಂತ."

ಆವತ್ತಿನಿಂದ ಅವರು ಮುಂದೆಯೇ ಕೂತರು. ಕಾರು ಆರ್ಭಟಿಸುತ್ತಿತ್ತು, ನಾವು ಅದಕ್ಕಿಂತ ಜೋರಾಗಿ ಮಾತಾಡುತ್ತಿದ್ದೆವು. ಮೆಲು ದನಿಯವರೆಂದು ನಾನು ತಿಳಿದಿದ್ದ ಮೇಡಂ ಗಂಟಲು ಬಿಟ್ಟರೆ ಲಾರಿಯವರು ತಿರುಗಿ ನೋಡುವಂತಿತ್ತು. ಅದರ ಕಾರಣವನ್ನು ಒಂದು ದಿನ ಅವರೇ ಹೇಳಿದರು. ಅವರು ಕಂಪ್ಲಿಯವರು. ಅಪ್ಪ ಅಕ್ಕಿ ಗಿರಣಿಯಲ್ಲಿದ್ದರು, ಮನೆ ಗಿರಣಿಯ ಗೋಡೆಗೆ ಅಂಟಿಕೊಂಡೇ ಇತ್ತು.

"ನಮ್ಮ ಮನ್ಯಾಗ ಉಪ್ಪು ಕೊಡು ಅನ್ನಾಕೂ ಒದರಬೇಕಿತ್ರಿ. ಮದಿವ್ಯಾಗಿ ಹೋದ ಮ್ಯಾಲೆ ನಮ್ಮ ಅತ್ತಿ, ಅದೇನು ಗಂಟಲವಾ ನಿಂದು, ಮೆಲ್ಲಕ ಮಾತಾಡು ಅಂದ್ರು. ಅವತ್ತು ಮೆಲ್ಲಗಾದಾಕಿ ಇವತ್ತಽ ನೋಡ್ರಿ ಒದರಾಕತ್ತಿದ್ದು."

ನನ್ನ ಜೇಬಿನಲ್ಲಿದ್ದ ಜೇನುಗೂಡಿನ ಚೂರನ್ನು ತೋರಿಸಿದೆ. ಇದರ ತೂತುಗಳ ಗೋಡೆಗೆ ಪ್ಲಾಟಿನಂನಂಥ ಲೋಹ ತೆಳ್ಳಗೆ ಬಳಿದಿರುತ್ತಾರೆ, ಗುಜರಿಯವರು ಇದನ್ನೇ ಹುಡುಕಿಕೊಂಡು ಬರುತ್ತಾರೆ ಎಂದೆ. ಅವರು ಅದನ್ನು ಬಿಸಿಲಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು.

"ನಮ್ಮ ಕಂಪನ್ಯಾಗ ಬಾಯಿ ಬಿಡಬ್ಯಾಡ್ರಿ ಸರ್. ನಿಮ್ಮ ಕಾರಿಗೂ ಗಣಿ ಲೀಸ್ ಮಾಡಿಸಿ ಅಗಿಯಾಕ ಬರ್ತಾರ."

ನಾನು ನಕ್ಕೆ. ಹಾಗೆ ಹೊಟ್ಟೆ ಹಿಡಿದು ನಕ್ಕು ಎಷ್ಟು ಕಾಲವಾಗಿತ್ತೋ, ನಕ್ಕ ಮೇಲೆ ಕೆನ್ನೆ ನೋಯುತ್ತಿತ್ತು. ಅಂದಿನಿಂದ ಮನೆಗೆ ಹೋದರೆ ಟಿವಿ ಹಾಕುವುದು ಮರೆತುಹೋಗುತ್ತಿತ್ತು. ನಾಳೆ ಏನು ಹೇಳಬೇಕೆಂದು ಯೋಚಿಸುವುದೇ ಒಂದು ಕೆಲಸವಾಗಿತ್ತು. ಈಗ ಹೇಳಲು ನಾಚಿಕೆಯಿಲ್ಲ, ನಾನು ಸುಖವಾಗಿದ್ದೆ.

ಊರಿನ ಬಾಯಿಯ ಬಗ್ಗೆ ನನಗೆ ಭಯವಿತ್ತು. ಆದರೆ ಆ ಸದ್ದೇ ಎಲ್ಲರ ಬಾಯಿ ಮುಚ್ಚಿಸಿತು. ಗೇಟಿನ ಕಾವಲುಗಾರ ಹುಬ್ಬು ಏರಿಸಿದ ದಿನ, "ಹಿಂದ ಕುಂತ್ರ ಏನೂ ಕೇಳಿಸಂಗಿಲ್ಲಪಾ" ಎಂದೆ. ಅವನು ಕಾರಿನ ಕಡೆ ನೋಡಿದ, ಹೌದೆಂದು ತಲೆಯಾಡಿಸಿದ. ಮನೆಯ ಒಡತಿಗೆ ಮೇಡಂ ಕೂಡ ಅದೇ ಮಾತು ಹೇಳಿದ್ದರು. ಬೀದಿಯ ತುದಿಯಿಂದ ಈ ಕಾರಿನ ಅಬ್ಬರ ಕೇಳಿದವರು ಯಾರೂ ಅದನ್ನು ಅನುಮಾನಿಸುವಂತಿರಲಿಲ್ಲ.

ಒಂದು ರಜೆಯ ದಿನ ಮೇಡಂ, ತಮ್ಮನ ಮನೆಗೆ ಹೋಗಬೇಕು, ಅಲ್ಲಿಂದ ಅಕ್ಕಿ ಚೀಲ ತರಬೇಕು, ಬಸ್ಸಿನಲ್ಲಿ ಆಗುವುದಿಲ್ಲ ಎಂದರು. ಕಂಪ್ಲಿಗೆ ಹೋದೆವು. ಕಾಲುವೆಯ ಪಕ್ಕ ಭತ್ತದ ಗದ್ದೆಯಲ್ಲಿದ್ದ ಬೆಳ್ಳಕ್ಕಿಗಳು ನಮ್ಮ ಸದ್ದಿಗೆ ಒಟ್ಟಿಗೇ ಎದ್ದವು. ತಮ್ಮನ ಹೆಂಡತಿ ಬಾಗಿಲಲ್ಲೇ ನಿಂತು ಮುಂದಿನ ಸೀಟಿನಿಂದ ಇಳಿಯುತ್ತಿದ್ದವರನ್ನು ನೋಡಿದಳು. ಒಳಗೆ ಹೋದ ಮೇಲೆ ಅವಳು ಮೆಲ್ಲಗೆ ಕೇಳಿದ್ದು ಪಡಸಾಲೆಯಲ್ಲಿದ್ದ ನನಗೂ ಕೇಳಿಸಿತು.

"ಅಕ್ಕಾ, ಮುಂದ ಕುಂತು ಬಂದ್ರಿ?"

"ಗಾಡಿ ಸೌಂಡ್ ಕೇಳಿದಿಲ್ಲ? ಹಿಂದ ಕುಂತ್ರ ಒಂದು ಮಾತೂ ಕೇಳಿಸಂಗಿಲ್ಲ."

"ಹೌದ್ರಿ ಮತ್ತ, ಓಣಿಗೆಲ್ಲಾ ಕೇಳಿಸ್ತು," ಎಂದಳು ಅವಳು. ಅಲ್ಲಿಗೆ ಮುಗಿಯಿತು. ಹೊರಗೆ ಬಂದು, "ಅಣ್ಣಾರ, ಊಟಕ್ಕ ಏಳ್ರಿ, ಕೈ ತೊಳಕೋರಿ" ಎಂದು ನನ್ನನ್ನು ಕರೆದು ಕೂರಿಸಿ, ಬೇಡವೆಂದರೂ ಬಿಡದೆ ಎರಡನೇ ಸಲ ಹೋಳಿಗೆ ಬಡಿಸಿದಳು.

ಬರುವಾಗ ಹಂಪಿಗೆ ಹೋಗಿ ಬರೋಣವೇ ಎಂದವರು ಅವರೇ. ಹತ್ತಿರವೇ ಇದ್ದರೂ ಇಬ್ಬರೂ ಅತ್ತ ಹೋಗಿ ಎಷ್ಟೋ ವರ್ಷವಾಗಿತ್ತು. ಬಜಾರಿನ ಕಲ್ಲು ಮಂಟಪಗಳ ನೆರಳಿನಲ್ಲಿ ನಡೆದೆವು. ಕಾರಿನಿಂದ ಇಳಿದ ಮೇಲೂ ಇಬ್ಬರೂ ರೂಢಿಯಂತೆ ಕೂಗಿ ಮಾತಾಡುತ್ತಿದ್ದೆವು, ವಿದೇಶದ ಒಬ್ಬ ಹೆಂಗಸು ಇವರೇನು ಜಗಳವಾಡುತ್ತಿದ್ದಾರೆಯೇ ಎಂಬಂತೆ ನೋಡಿದಳು. ಬಾಳೆಹಣ್ಣಿನ ಬುಟ್ಟಿಯವಳು ನನಗೆ ಹಣ್ಣು ಚಾಚಿದಳು. ಬೇಡವೆಂದೆ. ಅವಳು ಮೇಡಂ ಕಡೆ ತಿರುಗಿದಳು.

"ಯಜಮಾನ್ರು ಬ್ಯಾಡ ಅಂತಾರ. ನೀವರ ತಗೋರಿ ಅಮ್ಮಾ."

ಮೇಡಂ ಅವಳನ್ನು ತಿದ್ದಲಿಲ್ಲ. ಕೂತು, ಆರಿಸಿ ಒಂದು ಚಿಪ್ಪು ತೆಗೆದುಕೊಂಡು, ಒಂದು ಹಣ್ಣು ನನಗೆ ಕೊಟ್ಟರು. ನಾನೂ ತಿದ್ದಲಿಲ್ಲ. ಸಿಪ್ಪೆಯನ್ನು ಎಲ್ಲಿ ಎಸೆಯಬೇಕೆಂದು ತಿಳಿಯದೆ ಕಾರಿನ ತನಕ ಕೈಯಲ್ಲೇ ಹಿಡಿದುಕೊಂಡು ಬಂದೆ.

ಆದರೆ ಕನ್ವರ್ಟರು ಇಲ್ಲದ ಕಾರಿಗೆ ಸದ್ದಿನ ಜೊತೆ ಇನ್ನೊಂದು ಕಾಟವೂ ಇರುತ್ತದೆ. ಹೊಗೆಯ ವಿಷ ಹೊಗೆಯಲ್ಲೇ ಉಳಿಯುತ್ತದೆ. ಲಾರಿಗಳ ಹಿಂದೆ ಸಿಕ್ಕಿ ನಿಧಾನವಾದಾಗ ಹಸಿ ಪೆಟ್ರೋಲಿನ ವಾಸನೆ ಒಳಗೆ ನುಗ್ಗಿ ಕಣ್ಣು ಉರಿಯುತ್ತಿತ್ತು. ಮೇಡಂ ಸೆರಗನ್ನು ಮೂಗಿಗೆ ಹಿಡಿಯತೊಡಗಿದರು. ಆಮೇಲಾಮೇಲೆ ಸಂಡೂರು ಮುಟ್ಟುವ ಹೊತ್ತಿಗೆ ಹಣೆ ಒತ್ತಿಕೊಳ್ಳುತ್ತಿದ್ದರು. ತಲೆನೋವೇ ಎಂದರೆ, "ಏನಿಲ್ಲ ಬಿಡ್ರಿ, ಬಿಸಿಲಿಂದು" ಎನ್ನುತ್ತಿದ್ದರು. ಮೋಡ ಕವಿದ ದಿನವೂ ಬಿಸಿಲಿನದೇ ಎಂದರು. ಹೊಗೆ ತಪಾಸಣೆಗೆ ಹೋದಾಗ ಅಲ್ಲಿಯವನು ಮೆಷಿನ್ನು ನೋಡಿ, ಕಾರು ನೋಡಿ, ಸರ್ಟಿಫಿಕೇಟು ಕೊಡಲು ಆಗುವುದಿಲ್ಲವೆಂದು ಕೈ ಅಲ್ಲಾಡಿಸಿದ. ನನಗೆ ಸರ್ಟಿಫಿಕೇಟಿನ ಚಿಂತೆ ಅಷ್ಟಿರಲಿಲ್ಲ. ನನ್ನ ಕಾರಿನಲ್ಲಿ ಕೂತು ಇವರಿಗೆ ದಿನವೂ ತಲೆ ಸಿಡಿಯುತ್ತಿದೆ, ಆದರೂ ಬಸ್ಸು ಹತ್ತುತ್ತಿಲ್ಲ. ಇದನ್ನು ಹೀಗೇ ಬಿಟ್ಟರೆ ನಾನು ಎಂಥ ಮನುಷ್ಯ ಅನ್ನಿಸಿತು.

ಅವರಿಗೆ ತಿಳಿಸದೆ ಹೊಸ ಕನ್ವರ್ಟರು ತರಿಸಿದೆ. ಶನಿವಾರ ರಜೆ ಹಾಕಿ ಗ್ಯಾರೇಜಿನ ಸ್ಟೂಲಿನ ಮೇಲೆ ಕೂತೆ. ಆಯಿಲ್ ಸುಡುವ ಎಂಜಿನ್ನಿಗೆ ಹೊಸದು ಹಾಕಿದರೆ ಅದೂ ಕಟ್ಟಿಕೊಳ್ಳುತ್ತದೆಂದು ಮೆಕ್ಯಾನಿಕ್ಕು ಮೊದಲು ಎಂಜಿನ್ ಬಿಚ್ಚಿ ಆಯಿಲ್ ತಡೆಯುವ ಪಿಸ್ಟನ್ ರಿಂಗು ಬದಲಿಸಿದ. ಭಾನುವಾರ ಆ ನೆಟ್ಟ ಪೈಪನ್ನು ಕೊಯ್ದು ಹೊಳೆಯುವ ಹೊಸ ಡಬ್ಬಿಯನ್ನು ಕೂರಿಸಿದ. ಕಾರು ಚಾಲೂ ಮಾಡಿದೆ. ಚಾಲೂ ಆಗಲಿಲ್ಲವೆಂದು ತಿಳಿದು ಮತ್ತೊಮ್ಮೆ ಕೀಲಿ ತಿರುಗಿಸಿದೆ, ಎಂಜಿನ್ನು ಕರ್ರೆಂದಿತು. ಅದು ಆಗಲೇ ಓಡುತ್ತಿತ್ತು. ಮದುವೆಗೆ ಹೊರಟವನ ಹಾಗೆ ಕಾರು ತೊಳೆದೆ. ಸೋಮವಾರ ಅವರ ಮುಖ ಹೇಗಾಗುತ್ತದೆ ಎಂದು ನೆನೆದು ಒಬ್ಬನೇ ನಕ್ಕೆ.

ಸೋಮವಾರ ಬೆಳಿಗ್ಗೆ ಅವರ ಮನೆಯ ಮುಂದೆ ನಿಂತೆ. ಸದ್ದಿಲ್ಲದ್ದರಿಂದ ಯಾರಿಗೂ ಗೊತ್ತಾಗಲಿಲ್ಲ, ಮೆಲ್ಲಗೆ ಒಂದು ಹಾರ್ನು ಹೊಡೆದೆ. ಮನೆಯ ಒಡತಿ ಅಂಗಳದಲ್ಲಿ ರಂಗೋಲಿ ಹಾಕುತ್ತಿದ್ದವರು ತಲೆಯೆತ್ತಿದರು. ಮೇಡಂ ಮೆಟ್ಟಿಲಿಳಿದು ಬಂದು, ಮುಂದಿನ ಬಾಗಿಲ ಹಿಡಿಗೆ ಕೈ ಹಾಕಿ, ಅಲ್ಲೇ ನಿಂತರು. ತಲೆ ಓರೆ ಮಾಡಿ ಕೇಳಿದರು.

"ಸರಿ ಮಾಡಿಸೀರೇನ್ರಿ?"

"ಹೊಸಾದು ಹಾಕ್ಸೀನ್ರಿ. ಇನ್ನ ನಿಮಗ ತಲಿನೋವು ಬರಂಗಿಲ್ಲ."

"ನನ್ನ ಸಲುವಾಗಿ ಇಷ್ಟು ಖರ್ಚು ಮಾಡಿದ್ರಿ?" ಅವರ ಮುಖ ಒಂದು ಕ್ಷಣ ಅರಳಿತು. ಅದನ್ನು ನಾನು ನೋಡಿದೆ, ಅದಂತೂ ನಿಜ.

ಅಷ್ಟರಲ್ಲಿ ಮನೆಯ ಒಡತಿ ಸೊಂಟಕ್ಕೆ ಕೈಯಿಟ್ಟು ಎದ್ದು ನಿಂತು, "ಭಾಳ ಚಲೋ ಆತು ನೋಡ್ರಿ, ಗಾಡಿ ಬಂದಿದ್ದೂ ಗೊತ್ತಾಗಲಿಲ್ಲ. ಇನ್ನ ಆರಾಮ ಹಿಂದ ಕುಂತು ಹೋಗ್ರಿ ಮೇಡಂ" ಎಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಮೇಡಂ ಅವರ ಕೈ ಬಾಗಿಲ ಹಿಡಿಯಿಂದ ಜಾರಿತು. ಹಿಂದಿನ ಬಾಗಿಲು ತೆಗೆದು ಎಡಗಡೆಯ ಕಿಟಕಿಯ ಪಕ್ಕ ಕೂತು, ಬಾಗಿಲು ಎಳೆದುಕೊಳ್ಳುವ ಮೊದಲು, ಮನೆಯ ಒಡತಿಗೂ ಕೇಳುವ ಹಾಗೆ ಅಂದರು.

"ಇಲ್ಲಿಂದ ಮಾತಾಡಿದ್ರ ಕೇಳಿಸ್ತೈತೇನ್ರಿ ಸರ್ ನಿಮಗ?"

ನಾನು ಹೊಸ ಕನ್ವರ್ಟರಿನ ಹೆಮ್ಮೆಯಲ್ಲಿದ್ದೆ. "ಚಂದ ಕೇಳಿಸ್ತೈತ್ರಿ. ಪಿಸುಗುಟ್ಟಿದ್ರೂ ಕೇಳಿಸ್ತೈತಿ," ಎಂದೆ.

"ಹಂಗಾರ ಸರಿ," ಎಂದು ಅವರು ಬಾಗಿಲು ಹಾಕಿಕೊಂಡರು.

ಘಟ್ಟದ ತುದಿ ಮುಟ್ಟುವವರೆಗೂ ನನಗೆ ಹೊಳೆಯಲಿಲ್ಲ. ಕಾರು ಬೆಣ್ಣೆಯ ಹಾಗೆ ಏರುತ್ತಿತ್ತು. ಏರು ಮುಗಿಯುವ ತಿರುವಿನಲ್ಲಿ, ಅವರು ಕೇಳಿದ್ದು ಪ್ರಶ್ನೆ, ಕೇಳಿಸುವುದಿಲ್ಲವೆಂದು ಒಂದು ಮಾತು ಹೇಳಿದ್ದರೆ ಮುಂದೆ ಬಂದು ಕೂರುತ್ತಿದ್ದರು ಎಂದು ತಿಳಿಯಿತು. ಕನ್ನಡಿ ನೋಡಿದೆ. ಹಣೆ ಇತ್ತು, ಕನ್ನಡಕದ ಮೇಲಂಚು ಇತ್ತು, ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. "ಇವತ್ತು ಲಾರಿ ಕಡಿಮಿ ಅದಾವಲ್ರಿ" ಎಂದರು, ಅತ್ತೆ ಮನೆಯಲ್ಲಿ ಕಲಿತ ಮೆಲು ದನಿಯಲ್ಲಿ. ಪ್ರತಿ ಅಕ್ಷರ ಕೇಳಿಸಿತು.

ಮುಂದೆ ಬನ್ನಿ ಎಂದು ಕರೆಯಬಾರದೇ ಎಂದು ಯಾರಾದರೂ ಕೇಳಬಹುದು. ಕರೆಯಬಹುದು. ಆದರೆ ಆಗ ಅದು ನಾನು ಕರೆದದ್ದಾಗುತ್ತದೆ, ಅವರು ಬಂದದ್ದಾಗುತ್ತದೆ. ಮೊದಲು ಹಾಗಿರಲಿಲ್ಲ, ಯಾರೂ ಕರೆಯದೆ, ಯಾರೂ ಬಾರದೆ, ಕಾರಿನ ಗದ್ದಲದಿಂದ ಆಗಿಹೋದದ್ದು ಅದು. ಗ್ಯಾರೇಜಿಗೂ ಒಮ್ಮೆ ಹೋಗಿದ್ದೆ. ಸೌಂಡ್ ಸ್ವಲ್ಪ ಮೊದಲಿನ ಹಾಗೆ ಆದರೆ ಹೇಗೆ ಎಂದು ತೊದಲಿದೆ. ಮೆಕ್ಯಾನಿಕ್ಕು ಬಗ್ಗಿದವನು ಎದ್ದು ನನ್ನನ್ನೇ ನೋಡಿದ. "ಆರಾಮ ಅದೀರಿಲ್ರಿ ಸರ್?" ಎಂದ. ಟೈರಿಗೆ ಗಾಳಿ ತುಂಬಿಸಿಕೊಂಡು ಬಂದೆ.

ಈಗಲೂ ದಿನವೂ ಹೋಗುತ್ತೇವೆ. ಅವರಿಗೆ ತಲೆನೋವಿಲ್ಲ, ಬಸ್ಸಿನ ಮಾತೂ ಇಲ್ಲ, ಅಷ್ಟು ಸಮಾಧಾನ. ಬಿಸಿಲು, ಡ್ಯಾಮಿನ ನೀರು, ಲಾರಿ ಇಷ್ಟು ಮಾತಾಡುತ್ತೇವೆ. ಕೆಲವು ದಿನ ಘಟ್ಟ ಏರುವಾಗ, ಎದುರಿನಿಂದ ಅದಿರಿನ ಲಾರಿಗಳ ಸಾಲು ಬರುವುದನ್ನು ಕಂಡು, ನಾನು ನಾಲ್ಕೂ ಗಾಜುಗಳನ್ನು ಪೂರ್ತಿ ಇಳಿಸುತ್ತೇನೆ. ಲಾರಿಗಳ ಅಬ್ಬರವೆಲ್ಲ ಕಾರಿನೊಳಗೆ ತುಂಬಿಕೊಳ್ಳುತ್ತದೆ. ಅವರು ಹಿಂದಿನಿಂದ ಏನೋ ಅನ್ನುತ್ತಾರೆ. "ಏನ್ರಿ? ಕೇಳಿಸ್ಲಿಲ್ರಿ," ಎನ್ನುತ್ತೇನೆ. ಅವರು ಸ್ವಲ್ಪ ಮುಂದೆ ಬಾಗುತ್ತಾರೆ.

"ಧೂಳು ಬರ್ತೈತ್ರಿ ಸರ್. ಗ್ಲಾಸ್ ಏರಿಸ್ರಿ."

ನಾನು ಏರಿಸುತ್ತೇನೆ.